ಬಲ್ಮಠದ ಕಲ್ಲಚ್ಚು

ಚಿಗಟೇರಿಯ ವಿದ್ಯಾರ್ಥಿಗೆ ಮಂಗಳೂರೆಂದೊಡನೆ ನೆನಪಾಗುವುದು ಕಡಲು, ಅನಂತರ ಹೆಂಚು. 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಾಸೆಲ್ ಮಿಷನ್, ಅದಕ್ಕೂ ಬಹುಮೊದಲೇ ಕನ್ನಡದ ಅಚ್ಚುಕೂಟವೊಂದನ್ನು ನಡೆಸುತ್ತಿತ್ತು. ಆದುದರಿಂದ ಕರಾವಳಿಗೆ ಪ್ರವಾಸ ಹೋದ ಮಕ್ಕಳು ಹಿಂದಿರುಗುವ ಮುನ್ನ, ಮಿಷನ್ನಿನ ನೆಲೆಯಾಗಿದ್ದ ಬಲ್ಮಠದ ಗುಡ್ಡವನ್ನೂ ಏರತಕ್ಕದ್ದು.

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದು ಕಲ್ಲಚ್ಚಿನ ಕಾಲ. ಬರಹಗಾರನ ಕೈಯಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಮರುವರ್ಷ ಆ ಪತ್ರಿಕೆ ಬಳ್ಳಾರಿಗೆ ಬಂದು, ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವಾಯಿತು. ಕಡಲತಡಿಯ ಕನ್ನಡ ಹೀಗೆ ಬಯಲುಸೀಮೆಯ ಬಾಗಿಲಿಗೆ ಬಂದಿತು.

ಮುಂದೆ ನ್ಯಾಯಾಧೀಶ ಕ್ಯಾಸಮೇಜರರ ಧನಸಹಾಯದಿಂದ ಮೊಗ್ಲಿಂಗರು ಗ್ರಂಥಮಾಲೆಯೊಂದನ್ನು ಪ್ರಕಟಿಸಿದರು. ಭೀಮಕವಿಯ ಬಸವಪುರಾಣವೂ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವೂ ಅದರಲ್ಲಿ ಸೇರಿ ಅಚ್ಚಾದವು. ಆ ವಿದೇಶೀಯರು ಬಂದದ್ದು ಸ್ವಮತ ಪ್ರಚಾರಕ್ಕಾಗಿ. ಇದನ್ನು ಮಕ್ಕಳಿಂದ ಮರೆಮಾಚಬೇಕಾಗಿಲ್ಲ. ಆದರೂ ಪರಮತದ ಪುರಾಣವನ್ನು ಅಕ್ಷರ ಅಕ್ಷರವಾಗಿ ಓದಿ ಮುದ್ರಿಸಿದ ಶ್ರಮವನ್ನು ಮರೆಯುವುದು ವಿದ್ಯೆಗೆ ಸಲ್ಲದು. ಅಚ್ಚಿಗೆ ಒದಗಿದ ಓಲೆಗಳನ್ನು ಶತಮಾನಗಳ ಕಾಲ ಪ್ರತಿಮಾಡಿ ಕಾಪಾಡಿದ ಲಿಪಿಕಾರರ, ಮಠಮನೆಗಳ ಋಣವೂ ಅಷ್ಟೇ ಹಿರಿದು.

ಈ ಋಣವನ್ನು ತೀರಿಸುವ ಬಗೆ ಒಂದೇ. ಜಗುಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗಟ್ಟು ವಿಭೂತಿ ಪತ್ರೆಗಳ ಪೂಜೆಯನ್ನು ಮಾತ್ರ ಪಡೆದು ಹುಳುವಿಗೆ ಆಹಾರವಾಗಬಾರದು. ಬಲ್ಮಠವನ್ನು ಕಂಡು ಬಂದ ಬಾಲಕನು ಮನೆಯ ಹಿರಿಯರನ್ನು, “ಅಜ್ಜಾ, ಆ ಕಟ್ಟಿನಲ್ಲಿ ಏನು ಬರೆದಿದೆ?” ಎಂದು ಕೇಳಿದರೆ ಪ್ರವಾಸ ಸಾರ್ಥಕವಾಯಿತು.