ಸಾಮಾಜಿಕ ಜಾಲತಾಣ ಮತ್ತು ಚುನಾವಣಾ ಪ್ರಚಾರ

ಸಾಮಾಜಿಕ ಜಾಲತಾಣಗಳ ಪ್ರಚಾರವನ್ನು ಭಾರತದ ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲಿ ನಿರ್ದೇಶನಗಳ ಚೌಕಟ್ಟಿಗೆ ತಂದಿತು. ಅಭ್ಯರ್ಥಿಯು ನಮೂನೆ 26ರ ಪ್ರಮಾಣಪತ್ರದಲ್ಲಿ ತನ್ನ ಖಾತೆಗಳ ವಿವರ ನೀಡಬೇಕು. ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಯ ಪೂರ್ವಾನುಮತಿ ಪಡೆಯಬೇಕು. ಅದರ ಖರ್ಚನ್ನು ಚುನಾವಣಾ ವೆಚ್ಚದಲ್ಲಿ ತೋರಿಸಬೇಕು. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಮಿತಿ 2022ರಿಂದ 95 ಲಕ್ಷ ರೂಪಾಯಿ. ಪಕ್ಷಗಳ ವೆಚ್ಚಕ್ಕೆ ಮಾತ್ರ ಮಿತಿಯೇ ಇಲ್ಲ. ಹಣ ಹರಿಯುವ ದಾರಿ ಅಲ್ಲಿಯೇ ಇದೆ.

ಜಾಲತಾಣಗಳ ಮೂಲಕ, ಪತ್ರಕರ್ತರ ಪ್ರಶ್ನೆ ಎದುರಿಸದೆ ನಾಯಕರು ನೇರವಾಗಿ ಮತದಾರರನ್ನು ತಲುಪಬಲ್ಲರು. ಸಣ್ಣ ಪಕ್ಷಕ್ಕೂ ಕಡಿಮೆ ಖರ್ಚಿನಲ್ಲಿ ದನಿ ಸಿಗುತ್ತದೆ. ಆದರೆ ಬಳಕೆದಾರರ ದತ್ತಾಂಶ ಆಧರಿಸಿ ಒಂದೊಂದು ಗುಂಪಿಗೆ ಒಂದೊಂದು ಸಂದೇಶ ಕಳುಹಿಸಿದಾಗ, ಯಾರಿಗೆ ಏನು ಹೇಳಲಾಯಿತೆಂಬುದು ಸಾರ್ವಜನಿಕ ಚರ್ಚೆಗೆ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನ ಗೂಢಲಿಪೀಕೃತ ಸಂದೇಶಗಳಲ್ಲಂತೂ ವದಂತಿಯ ಮೂಲ ಪತ್ತೆ ಇನ್ನೂ ಕಠಿಣ.

ಪ್ರಜಾಪ್ರತಿನಿಧಿ ಕಾಯ್ದೆ, 1951ರ 126ನೇ ಸೆಕ್ಷನ್‌ನಂತೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಪ್ರಚಾರ ನಿಷಿದ್ಧ. ಇದರ ಉಲ್ಲಂಘನೆ ಬಗ್ಗೆ ಆಯೋಗ ತಿಳಿಸಿದ ಮೂರು ಗಂಟೆಯೊಳಗೆ ಕ್ರಮ ಕೈಗೊಳ್ಳಲು ಜಾಲತಾಣ ಸಂಸ್ಥೆಗಳು 2019ರ ಸ್ವಯಂಪ್ರೇರಿತ ನೀತಿಸಂಹಿತೆಯಲ್ಲಿ ಒಪ್ಪಿದವು. ಡೀಪ್‌ಫೇಕ್‌ಗಳನ್ನು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯುವಂತೆ 2024ರ ಮೇ 6ರಂದು ಆಯೋಗ ಪಕ್ಷಗಳಿಗೆ ಸೂಚಿಸಿತು. ಮರುದಿನ, ಲೋಕಸಭಾ ಚುನಾವಣೆಗೆ ಕರ್ನಾಟಕದ ಎರಡನೇ ಹಂತದ ಮತದಾನದಂದೇ, ರಾಜ್ಯ ಬಿಜೆಪಿ ಘಟಕದ ವಿಡಿಯೊವೊಂದನ್ನು ತೆಗೆಯುವಂತೆ ಎಕ್ಸ್ ಸಂಸ್ಥೆಗೆ ನಿರ್ದೇಶಿಸಿತು. ಆ ವಿಡಿಯೊ ಅಷ್ಟರಲ್ಲಾಗಲೇ ವ್ಯಾಪಕವಾಗಿ ಹರಡಿತ್ತು.

ಆದರೆ ಆನ್‌ಲೈನ್ ಅಭಿವ್ಯಕ್ತಿಯ ನಿಯಂತ್ರಣಕ್ಕೂ ಮಿತಿಯಿದೆ: ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್, ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ರದ್ದುಗೊಳಿಸಿತು.