ಮತ್ತೊಮ್ಮೆ ಬಾಗಿಲು ಹಾಕಿದರೆ? ಬೆಳೆಗಾರರಿಗೊಂದು ಪಾಠ



ಚಳಿಗಾಲ ಬಂತೆಂದರೆ ಮೈಸೂರಿನ ನಮ್ಮ ಕಛೇರಿಯ ಜಗಲಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಏನ್ ಸೆಕ್ರೆಟ್ರಿಗಳೇ, ಮತ್ತೆ ಲಾಕ್‌ಡೌನ್ ಮಾಡ್ತಾರಂತಲ್ಲ?" ಎಲ್ಲೋ ಒಂದು ಊರಿನಲ್ಲಿ ಹೊಸ ಜ್ವರ ಕಾಣಿಸಿತೆಂಬ ಸುದ್ದಿ ಸಾಕು, ಇದ್ದಬದ್ದ ಅಡಿಕೆಯನ್ನೆಲ್ಲ ಮಾರಿಬಿಡಲು ಮೂಟೆ ಹೊತ್ತು ತರುವವರು ಇಬ್ಬರಾದರೆ, ತಂದ ಮೂಟೆಯನ್ನು ಹಾಗೆಯೇ ಹಿಂದಕ್ಕೆ ಕೊಂಡೊಯ್ಯುವವರು ಒಬ್ಬರು. ಸರ್ಕಾರ ಏನು ಮಾಡುತ್ತದೆಂದು ನಾವು ಹೇಳಲಾರೆವು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್ಡಿನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಇನ್ನು ಮುಂದೆ ಸಾಂಕ್ರಾಮಿಕವೇ ಬಾರದೆಂದು ಅದು ಹೇಳಲಿಲ್ಲ. ಆದ್ದರಿಂದ ಗಾಬರಿಯನ್ನು ಬದಿಗಿಟ್ಟು, ಹಿಂದಿನ ಲಾಕ್‌ಡೌನ್‌ಗಳು ನಮ್ಮ ತೋಟಕ್ಕೂ ಮನೆಗೂ ಏನು ಮಾಡಿದವು, ಏನು ಮಾಡಲಿಲ್ಲ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ.

ಮೈಸೂರಿಗೆ ಈ ಪಾಡು ಹೊಸದೇನಲ್ಲ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಅದರ ಪೆಟ್ಟಿನ ನಂತರವೇ 1903ರಲ್ಲಿ ನಗರಕ್ಕೆ ಸುಧಾರಣಾ ಟ್ರಸ್ಟ್ ಮಂಡಳಿ ಬಂತು, ಇಕ್ಕಟ್ಟಿನ ಕೇರಿಗಳು ಒಡೆದವು, ಹೊಸ ಬಡಾವಣೆಗಳು ಎದ್ದವು. ಆಗಿನ ಪದ್ಧತಿ ಈಗಿನದಕ್ಕೆ ತಿರುವುಮುರುವು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು. ಈಗ ಮನೆಯೊಳಗೆ ಕೂರುವುದು. ನಮ್ಮ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಥೆಗಳಲ್ಲಿ ಸಾವಿನಷ್ಟೇ ಸಲ ಬರುತ್ತಿದ್ದುದು ಹಗೇವು. ನೆಲದಡಿಯ ಹಗೇವಿನಲ್ಲಿ ರಾಗಿ ಇದ್ದ ಮನೆಯವರು ಗುಡಿಸಲಿನಲ್ಲೂ ಮುದ್ದೆ ಉಂಡರು. ಇಲ್ಲದವರು ಇದ್ದವರ ಮುಂದೆ ಕೈಯೊಡ್ಡಿದರು. ನಮ್ಮ ಪಾಠವೂ ಒಂದು ರೀತಿಯಲ್ಲಿ ಹಗೇವಿನ ಪಾಠವೇ.

ಈಗ 2020ಕ್ಕೆ ಬರೋಣ. ಮಾರ್ಚ್ 22ರಂದು ಜನತಾ ಕರ್ಫ್ಯೂ. 24ರ ರಾತ್ರಿ 8 ಗಂಟೆಗೆ ಘೋಷಣೆ, 25ರಿಂದ ದೇಶವೇ ಬಂದ್. ನಮ್ಮ ಸದಸ್ಯರಲ್ಲಿ ಅನೇಕರಿಗೆ ಮನೆ ಮೈಸೂರಿನಲ್ಲಿ, ತೋಟ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಅಥವಾ ಕೊಡಗಿನಲ್ಲಿ. ಅಂದು ರಾತ್ರಿ ಯಾರು ಎಲ್ಲಿದ್ದರೋ ಅಲ್ಲಿಯೇ ಸಿಕ್ಕಿಕೊಂಡರು. ಅದೇ ವಾರ ನಂಜನಗೂಡಿನ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡು ಮೈಸೂರು ಜಿಲ್ಲೆಗೆ ಕೆಂಪು ಗುರುತು ಬಿತ್ತು. ಕಾವಲು ಇನ್ನೂ ಬಿಗಿಯಾಯಿತು. ರೋಬಸ್ಟಾ ತೋಟಗಳಲ್ಲಿ ಹೂವು ಆಗಿ ಎರಡನೆಯ ನೀರು ಹಾಯಿಸುವ ಕಾಲವದು. ಪೈಪು ಬದಲಾಯಿಸಲು ಆಳಿಲ್ಲ, ಪಂಪಿಗೆ ಡೀಸೆಲ್ ತರಲು ಹೋದವರನ್ನು ನಾಕಾದಲ್ಲಿ ತಡೆದು ವಾಪಸ್ಸು ಕಳಿಸಿದ ಪ್ರಸಂಗಗಳು ನಮ್ಮ ದಾಖಲೆಯಲ್ಲಿವೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕೃಷಿಗೆ ವಿನಾಯಿತಿ ಇರಲಿಲ್ಲವೆಂದು ಇಂದಿಗೂ ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಲಾಕ್‌ಡೌನ್ ಶುರುವಾಗಿ ಮೂರನೆಯ ದಿನವೇ, ಮಾರ್ಚ್ 27ರಂದು, ಕೇಂದ್ರ ಗೃಹ ಮಂತ್ರಾಲಯ ರೈತರ ಮತ್ತು ಕೂಲಿಕಾರರ ಹೊಲಗೆಲಸಕ್ಕೆ ವಿನಾಯಿತಿ ಕೊಟ್ಟಿತು. ಏಪ್ರಿಲ್ 15ರ ಆಜ್ಞೆಯಲ್ಲಿ ಕಾಫಿ, ಚಹಾ, ರಬ್ಬರ್ ತೋಟಗಳು ಅರ್ಧದಷ್ಟು ಕೆಲಸಗಾರರೊಂದಿಗೆ 20ರಿಂದ ನಡೆಯಬಹುದೆಂದಾಯಿತು. ಅಡಿಕೆಯ ಹೆಸರು ಅದರಲ್ಲಿರಲಿಲ್ಲ. ಮಾರನೆಯ ದಿನ, 16ರಂದು, ತೆಂಗು, ಅಡಿಕೆ, ಕೋಕೋ, ಸಾಂಬಾರ ಬೆಳೆಗಳನ್ನು ಸೇರಿಸಿದರು. ಕೊಯ್ಲು, ಸಂಸ್ಕರಣೆ, ಮಾರಾಟ ಎಲ್ಲಕ್ಕೂ ಅನುಮತಿ ಇತ್ತು. ಆದರೆ ದೆಹಲಿಯ ಕಾಗದ ಊರಿನ ನಾಕಾಕ್ಕೆ ತಲುಪುವಷ್ಟರಲ್ಲಿ ದಿನಗಳು ಕಳೆದವು. ಕಾಗದ ತೋರಿಸಿದವನು ದಾಟಿದ, ಜಗಳವಾಡಿದವನು ಬಿಸಿಲಿನಲ್ಲಿ ನಿಂತ. ಪ್ರತಿಯೊಬ್ಬರೂ ಪಹಣಿಯ ಪ್ರತಿ, ಸಂಘದ ಗುರುತಿನ ಚೀಟಿ, ಖಾಯಂ ಆಳುಗಳ ಆಧಾರ್ ಪ್ರತಿ ಇವನ್ನು ಒಂದು ಲಕೋಟೆಯಲ್ಲಿ ಹಾಕಿ ಮೈಸೂರಿನ ಮನೆಯಲ್ಲೊಂದು, ತೋಟದ ಮನೆಯಲ್ಲೊಂದು ಇಡತಕ್ಕದ್ದು. ಆಜ್ಞೆ ಹೊರಟ ದಿನವೇ ಪ್ರತಿ ತೆಗೆದು ಹಂಚುವುದು ಸಂಘದ ಕೆಲಸ. 2020ರಲ್ಲಿ ನಾವು ಅದನ್ನು ಮಾಡಲು ಒಂದು ವಾರ ತಡ ಮಾಡಿದೆವು. ಆ ತಪ್ಪು ನಮ್ಮದು.

ಇನ್ನು ಫಸಲಿನ ವಿಚಾರ. ತರಕಾರಿ ಬೆಳೆದವರು ಆ ಬೇಸಿಗೆಯಲ್ಲಿ ಟೊಮೆಟೊವನ್ನು ರಸ್ತೆಗೆ ಸುರಿದರು, ಕಲ್ಲಂಗಡಿಯನ್ನು ಹೊಲದಲ್ಲೇ ಬಿಟ್ಟರು. ನಮ್ಮ ಬೆಳೆಗೆ ಆ ಗತಿಯಿಲ್ಲ. ಚೆನ್ನಾಗಿ ಒಣಗಿದ ಚಾಲಿ ವರ್ಷ ಕಳೆದರೂ ಕೆಡುವುದಿಲ್ಲ; ಹಳೆ ಚಾಲಿಗೆ ಹೊಸದಕ್ಕಿಂತ ಹೆಚ್ಚು ಬೆಲೆಯೇ ಉಂಟು. ಕಾಫಿಯಲ್ಲಿ ಚೆರ್ರಿ ಪಾರ್ಚ್‌ಮೆಂಟಿಗಿಂತ ಹೆಚ್ಚು ತಾಳುತ್ತದೆ. ಎರಡಕ್ಕೂ ಶರತ್ತೆಂದರೆ ತೇವ ನೂರಕ್ಕೆ 10, 11ರ ಒಳಗಿರಬೇಕು, ಮೂಟೆ ಗೋಡೆಗೆ ತಾಗದಂತೆ ಮರದ ಅಟ್ಟಣೆಯ ಮೇಲಿರಬೇಕು, ಗೊಬ್ಬರ ಮತ್ತು ಔಷಧಿ ಅದೇ ಕೋಣೆಯಲ್ಲಿರಬಾರದು. ಮುಂಗಾರಿನ ಶೀತಕ್ಕೆ ಪಾರ್ಚ್‌ಮೆಂಟ್ ಬಣ್ಣ ಕಳೆದುಕೊಳ್ಳುತ್ತದೆ. ಅದನ್ನು ಮೇ ತಿಂಗಳೊಳಗೆ ದಾಟಿಸುವುದು ಲೇಸು.

ಹಾಗಾದರೆ ಲಾಕ್‌ಡೌನಿನಲ್ಲಿ ನಮ್ಮನ್ನು ಹೊಡೆದದ್ದು ಯಾವುದು? ಒಂದನೆಯದು ಕೈಯಲ್ಲಿ ಕಾಸಿಲ್ಲದ್ದು. ಮಂಡಿಗಳು ಮುಚ್ಚಿದವು; ಕ್ಯಾಂಪ್ಕೊ ಕೂಡ ಖರೀದಿ ನಿಲ್ಲಿಸಿ, ಏಪ್ರಿಲ್ ಮಧ್ಯದಲ್ಲಿ ಪುನಃ ತೆರೆದಾಗ ಸದಸ್ಯರೊಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿಕೊಳ್ಳಬೇಕಾಯಿತು. ಮೇ ತಿಂಗಳಲ್ಲಿ ತೋಟದ ಬಾಗಿಲಿಗೆ ಲಾರಿ ತಂದ ವ್ಯಾಪಾರಿ ಕೇಳಿದ ಬೆಲೆಗೆ ಎಷ್ಟೋ ಮಂದಿ ಕೊಟ್ಟರು. ಬೇರೆಯವರ ಮಾತೇಕೆ, ನಾವೂ ಆರು ಮೂಟೆ ಚಾಲಿ ಕೊಟ್ಟೆವು. ಲಾಕ್‌ಡೌನಿಗೆ ಮುಂಚೆ ಕಿಲೋಗೆ 250 ರೂಪಾಯಿಯ ಆಜುಬಾಜಿನಲ್ಲಿದ್ದ ಹೊಸ ಚಾಲಿ 2021ರಲ್ಲಿ 500 ಮುಟ್ಟಿತು. ನಮ್ಮ ಮನೆಯಾಕೆ ಈಗಲೂ ಆ ಆರು ಮೂಟೆಯ ಮಾತೆತ್ತುತ್ತಾರೆ.

ಇದರಿಂದ "ಲಾಕ್‌ಡೌನ್ ಬಂದರೆ ಅಡಿಕೆ ಏರುತ್ತದೆ, ಹಿಡಿದಿಟ್ಟುಕೊಳ್ಳಿ" ಎಂಬ ಪಾಠ ಕಲಿತವರು ನಮ್ಮಲ್ಲಿ ಬಹಳ. ಇದು ಅಪಾಯದ ಪಾಠ. ಅಂದು ಗಡಿಗಳು ಮುಚ್ಚಿ ಹೊರದೇಶದ ಅಡಿಕೆ ಒಳಗೆ ಬರುವುದು ನಿಂತಿತ್ತು, ಬೇಡಿಕೆ ಉಳಿದಿತ್ತು, ಆದ್ದರಿಂದ ಏರಿತು. ಕಾಫಿ ಏರಿದ್ದು ಬೇರೆ ಕಾರಣಕ್ಕೆ. 2021ರ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅವರ ತೋಟ ಸುಟ್ಟುಹೋದದ್ದು. ಮುಂದಿನ ಸಲ ಗಡಿ ತೆರೆದೇ ಇರಬಹುದು, ಬ್ರೆಜಿಲ್ ಫಸಲು ಚೆನ್ನಾಗಿರಬಹುದು. ಬೆಲೆಯನ್ನು ಊಹಿಸಿ ಹಿಡಿಯುವುದು ಬೇರೆ, ಮೂರು ತಿಂಗಳ ಅನ್ನಕ್ಕೆಂದು ಹಿಡಿಯುವುದು ಬೇರೆ. ನಾವು ಹೇಳುವುದು ಎರಡನೆಯದನ್ನು.

ಲೆಕ್ಕ ಹೀಗೆ. ಮನೆ ಖರ್ಚು ತಿಂಗಳಿಗೆ 18,000, ತೋಟದಲ್ಲಿರುವ ಎರಡು ಆಳು ಸಂಸಾರದ ಪಡಿತರ ಮತ್ತು ಕೂಲಿಗೆ 20,000, ಔಷಧಿಗೆ 2,000 ಎಂದುಕೊಳ್ಳಿ. ಮೂರು ತಿಂಗಳಿಗೆ 1,20,000 ಆಯಿತು. ಕಿಲೋಗೆ 400ರಂತೆ ಹಿಡಿದರೆ ಇದು 3 ಕ್ವಿಂಟಾಲ್ ಚಾಲಿ. ಆ 3 ಕ್ವಿಂಟಾಲನ್ನು ಬೇರೆ ಜೋಡಿಸಿ ಗುರುತು ಹಾಕಿಡುವುದು. ಬಾಗಿಲು ಹಾಕಿದಾಗ ಅದನ್ನು ಮಾರದೆ ಸಂಘದಲ್ಲಿ ಒತ್ತೆಯಿಟ್ಟು ಮುಂಗಡ ಪಡೆಯುವುದು. ಮುಂಗಡವೆಂದರೆ ಪೂರ್ತಿ ಬೆಲೆಯಲ್ಲ, ಒಂದು ಅಂಶ. ಅದಕ್ಕಾಗಿ ಒಂದು ಮೂಟೆಯಷ್ಟು ನಗದು ಠೇವಣಿಯೂ ಬೇರೆ ಇರಲಿ. ನಿಮ್ಮ ಅಂಕಿ ಬೇರೆಯಾಗಬಹುದು. ನಿಮ್ಮದೇ ಅಂಕಿ ಹಾಕಿ ಕೂಡಿಸಿ ನೋಡಿ.

ಸಾಲದ ಬಗ್ಗೆ ಒಂದೇ ಮಾತು. 2020ರಲ್ಲಿ ರಿಸರ್ವ್ ಬ್ಯಾಂಕ್ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಮುಂದೂಡಿಕೆ ಮನ್ನಾ ಅಲ್ಲ. ಬಡ್ಡಿ ನಡೆಯುತ್ತಲೇ ಇತ್ತು. ಕಟ್ಟಲು ಶಕ್ತಿಯಿದ್ದೂ ಕಟ್ಟದವರು ಆಮೇಲೆ ಪರಿತಪಿಸಿದರು.

ಎರಡನೆಯ ಪೆಟ್ಟು ಕೈಗಳದ್ದು, ಅಂದರೆ ಆಳುಗಳದ್ದು. ಇದು ಹಣಕ್ಕಿಂತ ದೊಡ್ಡದೆಂದು ನಮ್ಮ ಅಭಿಪ್ರಾಯ. ಫಸಲು ಕಾಯುತ್ತದೆ, ಕೆಲಸ ಕಾಯುವುದಿಲ್ಲ. 2021ರ ಎರಡನೆಯ ಅಲೆಯನ್ನು ನೆನೆಯಿರಿ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮುಚ್ಚಿತು. ಮೇ ತಿಂಗಳಲ್ಲಿ ಅಂಗಡಿಗಳು ಬೆಳಿಗ್ಗೆ 6ರಿಂದ 10. ಜೂನ್ 14ರಂದು ಬೇರೆ ಜಿಲ್ಲೆಗಳು ಸಡಿಲಗೊಂಡರೂ ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು. ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆ ಆಗಬೇಕಾದದ್ದು ಮುಂಗಾರು ಹಿಡಿಯುವ ಮುನ್ನ, ಅಂದರೆ ನಿಖರವಾಗಿ ಇದೇ ದಿನಗಳಲ್ಲಿ. ಮೈಲುತುತ್ತ ಸಿಕ್ಕಿದವನಿಗೆ ಮರ ಹತ್ತುವವನಿಲ್ಲ, ಮರ ಹತ್ತುವವನಿದ್ದ ಕಡೆ ಮೈಲುತುತ್ತವಿಲ್ಲ. ಆ ಮಳೆಗಾಲದಲ್ಲಿ ಸಿಂಪಡಣೆ ತಪ್ಪಿದ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಎಳೆಕಾಯಿಯನ್ನು ಬುಟ್ಟಿಗಟ್ಟಲೆ ಗುಡಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಮೈಲುತುತ್ತವನ್ನು ಒಣಗಿದ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ, ಫೆಬ್ರವರಿಯಲ್ಲೇ ಕೊಂಡಿಡಿ. ಸುಣ್ಣ ಹಾಗಲ್ಲ, ಗಾಳಿಗೆ ಸತ್ತುಹೋಗುತ್ತದೆ. ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಡಬೇಕು. ಕಾಂಡಕೊರಕವೂ ಕಾಯುವುದಿಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ದುಂಬಿ ಹಾರುವುದರೊಳಗೆ ಅರೇಬಿಕಾದಲ್ಲಿ ಪೀಡಿತ ಗಿಡ ಹುಡುಕಿ ಕಿತ್ತು ಸುಡಬೇಕು.

ಇಷ್ಟಾಗಿಯೂ ಆ ಎರಡು ಸಲ ನಮ್ಮ ಅದೃಷ್ಟ ದೊಡ್ಡದಿತ್ತು. ಎರಡೂ ಬಾರಿ ಬಾಗಿಲು ಹಾಕಿದ್ದು ಕಾಫಿ ಕೊಯ್ಲು ಬಹುಮಟ್ಟಿಗೆ ಮುಗಿದ ಮೇಲೆ. ಮೂರನೆಯ ಗಂಟೆ ಬೇರೆ ಕಾಲದಲ್ಲಿ ಬಾರಿಸಿತು: 2022ರ ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂ, ಕೊಯ್ಲಿನ ನಡುಮಧ್ಯೆ. ಎರಡು ವಾರದಲ್ಲಿ ತೆಗೆದರು, ನಾವು ಬದುಕಿಕೊಂಡೆವು. 1918ರ ಇನ್‌ಫ್ಲುಯೆಂಜಾ ಈ ಸೀಮೆಯಲ್ಲಿ ಉಕ್ಕಿದ್ದು ಅಕ್ಟೋಬರ್ ಸುಮಾರಿಗೆ, ಕೊಯ್ಲಿನ ಹೊಸ್ತಿಲಿನಲ್ಲಿ. ಡಿಸೆಂಬರಿನಲ್ಲಿ ಆರು ವಾರ ಆಳು ಬಾರದಿದ್ದರೆ ಏನಾದೀತು? ಹಣ್ಣಾದ ಕಾಫಿ ಗಿಡದಲ್ಲೇ ಒಣಗಿ ಉದುರುತ್ತದೆ. ಉದುರಿದ ಹಣ್ಣು ಕಾಯಿಕೊರಕದ ಗೂಡಾಗಿ ಮುಂದಿನ ವರ್ಷದ ಫಸಲನ್ನೂ ತಿನ್ನುತ್ತದೆ. ಅಂಥ ಹೊತ್ತಿನಲ್ಲಿ ಪಾರ್ಚ್‌ಮೆಂಟಿನ ಆಸೆ ಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಚೆರ್ರಿಯಾಗಿ ಒಣಗಿಸುವುದು ಜಾಣತನ. ಅದಕ್ಕೆ ಕಣ ಬೇಕು, ಟಾರ್ಪಾಲು ಬೇಕು, ಎಲ್ಲಕ್ಕೂ ಮಿಗಿಲಾಗಿ ಅಕ್ಕಪಕ್ಕದ ಊರಿನ ಕೈ ಬೇಕು.

ಇಲ್ಲಿ ನಮ್ಮದೊಂದು ಹಳೆಯ ಲೋಪವನ್ನು ಒಪ್ಪಿಕೊಳ್ಳಬೇಕು. ಅಸ್ಸಾಮಿನಿಂದ ಬಂದವರನ್ನು, ಕೋಟೆ, ಹುಣಸೂರಿನ ಹಾಡಿಗಳಿಂದ ಜೀಪಿನಲ್ಲಿ ಕೊಡಗಿಗೆ ಹೋಗುವವರನ್ನು ನೆಚ್ಚಿಕೊಂಡು, ನಮ್ಮದೇ ಊರಿನ ಆಳುಗಳನ್ನು ನಾವು ದೂರ ಮಾಡಿಕೊಂಡೆವು. ಜಿಲ್ಲೆಯ ಗಡಿಗೆ ಹಗ್ಗ ಕಟ್ಟಿದ ದಿನ ಜೀಪು ನಿಂತಿತು. ಹಾಡಿಯಲ್ಲಿ ಒಲೆಯೂ ನಿಂತಿತು. ಅಂದು ತೋಟದಲ್ಲಿ ಉಳಿದ ಆಳುಗಳಿಗೆ ಪಡಿತರ, ಅರ್ಧ ಕೂಲಿಯನ್ನಾದರೂ ಕೊಟ್ಟು ನೋಡಿಕೊಂಡ ಬೆಳೆಗಾರರಿಗೆ ಮುಂದಿನ ಕೊಯ್ಲಿಗೆ ಆಳಿನ ಕೊರತೆಯಾಗಲಿಲ್ಲ. "ಲಾಕ್‌ಡೌನ್ ಮುಗಿದ ಮೇಲೆ ಬನ್ನಿ" ಎಂದು ಕೈತೊಳೆದುಕೊಂಡವರು ಇಂದಿಗೂ ಆಳಿಗಾಗಿ ಬೇರೆಯವರ ತೋಟದ ಗೇಟಿನಲ್ಲಿ ನಿಲ್ಲುತ್ತಾರೆ. ಆದ್ದರಿಂದ ಪ್ರತಿ ಊರಿನಲ್ಲೂ ನಾಲ್ಕೈದು ತೋಟಗಳು ಸೇರಿ ಮುಯ್ಯಾಳಿನ ಕೂಟ ಕಟ್ಟಿಕೊಳ್ಳಬೇಕು: ನಡೆದು ಬರಬಹುದಾದ ದೂರದಲ್ಲಿರುವ ಕೂಲಿಯವರು ಯಾರು, ಮರ ಹತ್ತಬಲ್ಲವರು ಯಾರು, ಯಾರ ಮನೆಯಲ್ಲಿ ಪಂಪು, ದೋಟಿ ಉಂಟು. ಜ್ವರ ಬಂದವರು ಕೆಲಸಕ್ಕೆ ಬಾರದೆ ಮನೆಯಲ್ಲಿದ್ದರೆ ಕೂಲಿ ಕಡಿಯುವುದಿಲ್ಲವೆಂದು ಮೊದಲೇ ಹೇಳಿಡಿ. ಕೂಲಿ ಹೋಗುತ್ತದೆಂಬ ಭಯಕ್ಕೇ ಜ್ವರ ಮುಚ್ಚಿಟ್ಟು ಬಂದು ಇಡೀ ಲೈನ್‌ಮನೆಗೆ ಹಬ್ಬಿಸಿದ್ದುಂಟು.

ಇನ್ನೊಂದು ಮಾತು. ಮುಂದಿನ ಲಾಕ್‌ಡೌನ್ ಇಡೀ ದೇಶಕ್ಕೇ ಬರಬೇಕೆಂದಿಲ್ಲ. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಫಾ ಕಾಣಿಸಿತು. 2023ರ ಸೆಪ್ಟೆಂಬರಿನಲ್ಲಿ ಪುನಃ ಬಂದಾಗ ಅಲ್ಲಿನ ಹಲವು ಪಂಚಾಯಿತಿ ವಾರ್ಡುಗಳನ್ನು ಮುಚ್ಚಿದರು, ನಮ್ಮ ಕಡೆಯ ಗಡಿಗಳಲ್ಲಿ ತಪಾಸಣೆ ಬಿಗಿಯಾಯಿತು. ಬಾವಲಿ, ಕುಟ್ಟ, ಮಾಕುಟ್ಟ ದಾರಿಗಳನ್ನು ನೆಚ್ಚಿದ ಸದಸ್ಯರು ಇದನ್ನು ಗಮನದಲ್ಲಿಡಬೇಕು. 2020ರಲ್ಲಿ ಮಾಕುಟ್ಟ ರಸ್ತೆಗೆ ಮಣ್ಣು ಸುರಿದದ್ದು ಯಾರೂ ಮರೆತಿಲ್ಲ. ನಿಫಾ ಬಾವಲಿಗಳಿಂದ ಬರುವಂಥದ್ದು. ಬಾವಲಿ ಚೀಪಿ ಬೀಳಿಸಿದ ಹಣ್ಣಡಿಕೆಯನ್ನು ಬರಿಗೈಯಲ್ಲಿ ಆಯಿಸದೆ, ಕೈಚೀಲ ತೊಡಿಸಿ, ಆಮೇಲೆ ಸಾಬೂನಿನಿಂದ ಕೈ ತೊಳೆಸಿ. ಚೀಪಿದ ಹಣ್ಣನ್ನು ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ. ರೋಗ ಇಲ್ಲದ ಕಾಲದಲ್ಲೂ ಇದು ಒಳ್ಳೆಯ ರೂಢಿಯೇ.

ಮುಂದಿನ ಉಪಸಮಿತಿ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ಒಂದು ಕಾಗದದಲ್ಲಿ ಇಷ್ಟನ್ನು ಬರೆದು ತರಬೇಕಾಗಿ ವಿನಂತಿ: ಮೂರು ತಿಂಗಳ ಖರ್ಚಿನ ಮೊತ್ತ, ಅದಕ್ಕೆ ಬೇರೆ ತೆಗೆದಿಟ್ಟ ದಾಸ್ತಾನು, ನಡೆದು ಬರಬಲ್ಲ ಆಳುಗಳ ಹೆಸರು, ಒಂದು ಸುತ್ತಿನ ಸಿಂಪಡಣೆಗೆ ಬೇಕಾದ ಮೈಲುತುತ್ತದ ತೂಕ. ಮೈಲುತುತ್ತವನ್ನು ಈ ಸಲ ಸಂಘದಿಂದ ಒಟ್ಟಾಗಿ ತರಿಸಲು ಉದ್ದೇಶಿಸಿದೆ. ತೂಕ ಬರೆದು ಕೊಟ್ಟವರಿಗೆ ಮಾತ್ರ ಮೊದಲ ಪಾಳಿ. ಬರಲಾಗದವರು ಮೈಸೂರು ಕಛೇರಿಗೆ ಮಗನ ಕೈಯಲ್ಲೋ ನೆಂಟರ ಕೈಯಲ್ಲೋ ಕಳಿಸಿದರೂ ನಡೆಯುತ್ತದೆ. ಭಾನುವಾರ ಕಛೇರಿಗೆ ರಜೆ.