ಒಮ್ಮೆ ವಾಪಸ್ ಕಳಿಸಿದ್ದಾರೆ, ಈಗ ತುರ್ತಾಗಿ ಹೋಗಬೇಕು

ವಿದೇಶದ ವಿಮಾನ ನಿಲ್ದಾಣದಿಂದ ಹಿಂದೆ ಮರಳಿ ಬಂದವರು, ಈಗ ಮನೆಯವರ ಕಷ್ಟಕ್ಕೆ ಅವಸರದಲ್ಲಿ ಮತ್ತೆ ಹೊರಟವರು ಬರೆದ ನಾಲ್ಕು ಪತ್ರಗಳು ಈ ಸಲ. ಗುರುತು ಸಿಗದಂತೆ ಒಂದಿಷ್ಟು ವಿವರ ಬದಲಿಸಿದ್ದೇನೆ.

ಪ್ರಶ್ನೆ: ನಾವು ಭದ್ರಾವತಿ ನ್ಯೂಟೌನ್‌ನವರು. ಯಜಮಾನರು ವಿಐಎಸ್‌ಎಲ್‌ನಲ್ಲಿದ್ದು ನಿವೃತ್ತರಾದವರು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಮೊದಲ ಬಾಣಂತನಕ್ಕೆ ಹೋಗಿ ಐದೂವರೆ ತಿಂಗಳಿದ್ದು ಬಂದೆ. ಎರಡೇ ತಿಂಗಳಲ್ಲಿ ಮತ್ತೆ ಹೋದಾಗ ಅಲ್ಲಿನ ಅಧಿಕಾರಿಗಳು ಒಳಗೆ ಕೂರಿಸಿ ಪ್ರಶ್ನೆ ಕೇಳಿದರು. 'ಮಗು ನೋಡ್ಕೊಂಡು ಅಡುಗೆ ಮಾಡ್ಕೊಂಡು ಇರ್ತೀನಿ' ಅಂದೆ. ವೀಸಾ ರದ್ದು ಮಾಡಿ ಮುಂದಿನ ವಿಮಾನಕ್ಕೆ ಹತ್ತಿಸಿದರು. ಮೂರು ವರ್ಷವಾಯಿತು. ಈಗ ಎರಡನೇ ಹೆರಿಗೆಯಾಗಿ ಸೋಂಕು ತಗುಲಿ ಮಗಳು ಐಸಿಯುನಲ್ಲಿದ್ದಾಳೆ. ಐದು ವರ್ಷ ಹೋಗುವಂತಿಲ್ಲ ಎನ್ನುತ್ತಾರೆ, ನಿಜವೇ? ಯಜಮಾನರ ವೀಸಾ ಇನ್ನೂ ಚಾಲ್ತಿಯಲ್ಲಿದೆ, ಆದರೆ ಅವರು ಒಬ್ಬರೇ ಎಲ್ಲಿಗೂ ಹೋದವರಲ್ಲ.

ಉತ್ತರ: ಮೊದಲು ಯಜಮಾನರಿಗೆ ಟಿಕೆಟ್ ಮಾಡಿಸಿ. ಇವತ್ತೇ. ಅವರಿಗೆ ಸಾರು ಮಾಡಲು ಬರುವುದಿಲ್ಲ ಎನ್ನುತ್ತೀರೇನೋ. ಆಸ್ಪತ್ರೆಯ ಬಾಗಿಲಲ್ಲಿ ಅಳಿಯನ ಜೊತೆಗೆ ಒಬ್ಬರು ನಿಂತರೆ ಸಾಕು, ಸಾರು ಆಮೇಲೆ ನೋಡಿಕೊಳ್ಳಬಹುದು.

ಇನ್ನು ನಿಮ್ಮ ವಿಷಯ. ಅಂದು ನಿಮ್ಮಿಂದ ಸಹಿ ಮಾಡಿಸಿಕೊಂಡು ಕೈಗಿಟ್ಟ ಕಾಗದ ಬೀರುವಿನಲ್ಲಿದ್ದರೆ ತೆಗೆದು ಅದರ ಮೂಲೆಯಲ್ಲಿರುವ ಫಾರಂ ಸಂಖ್ಯೆ ನೋಡಿ. ಐ-275 ಎಂದಿದ್ದರೆ, ಪ್ರವೇಶದ ಅರ್ಜಿಯನ್ನು ನೀವೇ ಹಿಂಪಡೆದಿರಿ ಎಂದು ಅವರು ಬರೆದುಕೊಂಡಿದ್ದಾರೆ. ಅದರಿಂದ ಐದು ವರ್ಷದ ನಿಷೇಧ ಬೀಳುವುದಿಲ್ಲ. ಐ-860 ಎಂದಿದ್ದರೆ ಅದು ತ್ವರಿತ ಹೊರಹಾಕುವಿಕೆಯ ಆದೇಶ, ನೀವು ಕೇಳಿದ ಆ ಐದು ವರ್ಷ ಇರುವುದು ಅಲ್ಲಿ. ಆ ಅವಧಿಯೊಳಗೆ ಹೋಗಬೇಕಾದರೆ ಐ-212 ಎಂಬ ವಿಶೇಷ ಅನುಮತಿ ಬೇಕು, ತುರ್ತಿಗೆ ಒದಗುವಷ್ಟು ಬೇಗ ಅದು ಬರುವುದಿಲ್ಲ. ಎರಡು ಸಂದರ್ಭದಲ್ಲೂ ಮಾಡುವುದು ಅದನ್ನೇ: ಕೂರಿಸುತ್ತಾರೆ, ಬೆರಳಚ್ಚು ತೆಗೆಯುತ್ತಾರೆ, ವಾಪಸ್ ಕಳಿಸುತ್ತಾರೆ. ಅದಕ್ಕೇ ಮರಳಿ ಬಂದವರಲ್ಲಿ ಬಹಳ ಜನರಿಗೆ ತಮಗೆ ಆದದ್ದು ಯಾವುದೆಂದು ಗೊತ್ತಿರುವುದಿಲ್ಲ.

ಐ-275 ಎಂದುಕೊಂಡು ಮುಂದಿನದು ಹೇಳುತ್ತೇನೆ. ಹಳೆಯ ವೀಸಾ ಸತ್ತಿದೆ, ಹೊಸದು ಬೇಕು. ಸಂದರ್ಶನವಿಲ್ಲದ ಡ್ರಾಪ್‌ಬಾಕ್ಸ್ ನಿಮಗಿಲ್ಲ. ಡಿಎಸ್-160 ಫಾರಂನಲ್ಲಿ, ಹಿಂದೆ ವೀಸಾ ಅಥವಾ ಪ್ರವೇಶ ನಿರಾಕರಣೆಯಾಗಿದೆಯೇ, ಪ್ರವೇಶದ ಅರ್ಜಿ ಹಿಂಪಡೆದಿದ್ದೀರಾ ಎಂದು ಒಂದೇ ಪ್ರಶ್ನೆಯಲ್ಲಿ ಕೇಳುತ್ತಾರೆ. 'ಹೌದು' ಎನ್ನಿ. ಫಾರಂ ತುಂಬಿಕೊಡುವ ಅಂಗಡಿಯವರು ಅಭ್ಯಾಸಬಲದಿಂದ ಎಲ್ಲಕ್ಕೂ 'ಇಲ್ಲ' ಒತ್ತಿಬಿಡುತ್ತಾರೆ, ಪಕ್ಕದಲ್ಲೇ ಕುಳಿತು ಓದಿಸಿಕೊಳ್ಳಿ. ವಾಪಸ್ ಕಳಿಸಿದ್ದನ್ನು ಅವರು ಮನ್ನಿಸಬಹುದು. ಮುಚ್ಚಿಟ್ಟದ್ದು ಸಿಕ್ಕಿದರೆ ವಂಚನೆ ಎಂದು ಬರೆದು ಜೀವನಪೂರ್ತಿ ಬಾಗಿಲು ಹಾಕಬಹುದು.

185 ಡಾಲರ್ ಶುಲ್ಕ ಕಟ್ಟಿ ಮೊದಲು ಸಾಮಾನ್ಯ ದಿನಾಂಕವೊಂದನ್ನು ಹಿಡಿಯಿರಿ, ಎಷ್ಟೇ ದೂರದ್ದಿದ್ದರೂ ಸರಿ. ಅದಿದ್ದರೆ ಮಾತ್ರ ತುರ್ತು ಸಂದರ್ಶನ ಕೇಳಬಹುದು. ಇಲ್ಲೊಂದು ಎಚ್ಚರ. ಗರ್ಭಿಣಿಗೆ ನೆರವಾಗಲು ಹೋಗುವುದನ್ನು ಅವರು ತುರ್ತು ಎಂದು ಒಪ್ಪುವುದಿಲ್ಲ, ಮದುವೆ, ಪದವಿ ಸಮಾರಂಭಗಳನ್ನೂ ಒಪ್ಪುವುದಿಲ್ಲ. ಹತ್ತಿರದ ಸಂಬಂಧಿಯ ಗಂಭೀರ ಕಾಯಿಲೆ, ಸಾವನ್ನು ಒಪ್ಪುತ್ತಾರೆ. ನೀವು 'ಬಾಣಂತನಕ್ಕೆ' ಎಂದು ಬರೆದರೆ ಅರ್ಜಿ ಅಲ್ಲೇ ಬಿತ್ತು. ಮಗಳು ಐಸಿಯುನಲ್ಲಿದ್ದಾಳೆ, ಇಂಥ ಸೋಂಕು, ಇಂಥ ದಿನದಿಂದ ಎಂದು ಬರೆಯಿರಿ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ವೈದ್ಯರ ಹೆಸರು, ಫೋನ್ ಸಂಖ್ಯೆ, ದಿನಾಂಕ ಇರುವ ಪತ್ರವನ್ನು ಅಳಿಯನಿಂದ ತರಿಸಿ. ಸಂದರ್ಶನಕ್ಕೆ ಚೆನ್ನೈಯೇ ಆಗಬೇಕೆಂದಿಲ್ಲ. ಹೈದರಾಬಾದ್, ಮುಂಬೈ, ಎಲ್ಲಿ ಬೇಗ ಸಿಕ್ಕಿದರೂ ಹೋಗಿ.

ಹಿಂದೆ ಏನಾಯಿತೆಂದು ಕೇಳಿದರೆ ಎರಡೇ ಮಾತು: 'ಮೊದಲ ಸಲ ಹೆಚ್ಚು ದಿನ ಇದ್ದೆ, ಬೇಗ ಮತ್ತೆ ಹೋದೆ, ಅದಕ್ಕೆ ಒಪ್ಪಲಿಲ್ಲ.' ಅಧಿಕಾರಿ ಕೆಟ್ಟವನಿದ್ದ, ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲ ಎಂಬ ಕಥೆ ಬೇಡ. ಈ ಸಲ ಎಷ್ಟು ದಿನ ಎಂಬುದಕ್ಕೆ ವಾರದ ಲೆಕ್ಕದಲ್ಲಿ ಉತ್ತರವಿರಲಿ, ತಿಂಗಳ ಲೆಕ್ಕದಲ್ಲಿ ಬೇಡ.

ವೀಸಾ ಸಿಕ್ಕರೂ ಗಡಿಯಲ್ಲಿ ಮತ್ತೆ ಒಳಕೋಣೆಗೆ ಕರೆಯುವುದು ಬಹುತೇಕ ಖಂಡಿತ. ಆದ್ದರಿಂದ ಅಬುಧಾಬಿ ಮೂಲಕ ಹೋಗಿ ಎಂಬುದು ನನ್ನ ಸಲಹೆ. ಅಮೆರಿಕದ ಇಮಿಗ್ರೇಷನ್ ತಪಾಸಣೆ 2014ರಿಂದ ಅಲ್ಲೇ, ವಿಮಾನ ಹತ್ತುವ ಮೊದಲೇ ನಡೆಯುತ್ತದೆ. ಏನೇ ಆದರೂ ಬೆಂಗಳೂರು ನಾಲ್ಕು ಗಂಟೆಯ ದೂರದಲ್ಲಿರುತ್ತದೆ. ಕಾಗದಪತ್ರ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಪ್ರಶ್ನೆ ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ಕನ್ನಡದ ದುಭಾಷಿ ಬೇಕೆಂದು ಕೇಳಿ. ಫೋನ್ ಮೂಲಕ ಒದಗಿಸುತ್ತಾರೆ. ಕಳೆದ ಬಾರಿ ಅದನ್ನು ಕೇಳಿದ್ದರೆ 'ಮಗು ನೋಡ್ಕೊಂಡು ಇರ್ತೀನಿ' ಎಂಬುದು ಮನೆಗೆಲಸದ ನೌಕರಿಯ ಹಾಗೆ ಅವರ ಕಿವಿಗೆ ಬೀಳುತ್ತಿರಲಿಲ್ಲವೇನೋ.

ಪ್ರಶ್ನೆ: ಶಿವಮೊಗ್ಗದವನು. ದುಬೈಯಲ್ಲಿ ವಿಸಿಟ್ ವೀಸಾ ಮುಗಿದ ಮೇಲೂ ಕೆಲಸ ಮಾಡಿ ಸಿಕ್ಕಿಬಿದ್ದು ಗಡೀಪಾರಾದೆ. 2021ರಲ್ಲಿ ಮತ್ತೆ ಹೋದಾಗ ಕಣ್ಣು ಸ್ಕ್ಯಾನ್ ಮಾಡಿ ವಾಪಸ್ ಕಳಿಸಿದರು. ಮೊನ್ನೆ ಅಣ್ಣ ಶಾರ್ಜಾದಲ್ಲಿ ತೀರಿಕೊಂಡ. ಹೆಸರು ಸ್ವಲ್ಪ ಬದಲಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಬಿಡುತ್ತಾರೆ ಎಂದು ಏಜೆಂಟ್ ಹೇಳುತ್ತಿದ್ದಾನೆ.

ಉತ್ತರ: ಪಾಸ್‌ಪೋರ್ಟ್ ಬದಲಾಗುತ್ತದೆ, ಕಣ್ಣು ಬದಲಾಗುವುದಿಲ್ಲ. ಇನ್ನೊಂದು ಪುಸ್ತಕ ಕೊಟ್ಟರೂ ಯಂತ್ರ ಹಳೆಯ ಕಡತವನ್ನೇ ತೆರೆಯುತ್ತದೆ. ಅಷ್ಟೇ ಅಲ್ಲ, ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆಯುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ ಅಪರಾಧ, ಎರಡು ವರ್ಷದವರೆಗೆ ಜೈಲು. ಹಣ ತೆಗೆದುಕೊಂಡ ಏಜೆಂಟ್ ಆಗ ನಿಮ್ಮ ಜೊತೆ ಇರುವುದಿಲ್ಲ. ಗಡೀಪಾರಾದವರು ಯುಎಇಗೆ ಮರಳಲು ಅಲ್ಲಿನ ಪ್ರಾಧಿಕಾರದ ವಿಶೇಷ ಅನುಮತಿ ಬೇಕು. ಅದು ವಾರದೊಳಗೆ ಆಗುವ ಕೆಲಸವಲ್ಲ.

ನಿಜ ಹೇಳಬೇಕೆಂದರೆ ನೀವು ಹೋಗುವ ಅಗತ್ಯವೇ ಇಲ್ಲ. ಅಲ್ಲಿರುವ ನಂಬಿಕಸ್ಥ ಬಂಧುವಿಗೋ ಅಣ್ಣನ ಸಹೋದ್ಯೋಗಿಗೋ ಅತ್ತಿಗೆ ಶಿವಮೊಗ್ಗದ ನೋಟರಿ ಮುಂದೆ ಅಧಿಕಾರಪತ್ರ ಬರೆದುಕೊಡಲಿ. ಪಾರ್ಥಿವ ಶರೀರ ಊರಿಗೆ ತರುವುದೋ, ಅಲ್ಲೇ ದಫನ್ ಮಾಡುವುದೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಶಾರ್ಜಾ ದುಬೈಯ ಭಾರತೀಯ ಕಾನ್ಸುಲೇಟ್‌ನ ವ್ಯಾಪ್ತಿಗೆ ಬರುತ್ತದೆ. ಮರಣ ಪತ್ರ, ಪೊಲೀಸರ ನಿರಾಕ್ಷೇಪಣೆ, ವೀಸಾ ರದ್ದತಿ, ಕಾನ್ಸುಲೇಟ್‌ನ ಅನುಮತಿ ಎಲ್ಲಕ್ಕೂ ಅಲ್ಲಿದ್ದವರೇ ಓಡಾಡಬೇಕು. ಸೋಗಾನೆಯ ನಮ್ಮ ವಿಮಾನ ನಿಲ್ದಾಣಕ್ಕೆ ಅಂತರರಾಷ್ಟ್ರೀಯ ವಿಮಾನ ಬರುವುದಿಲ್ಲ. ಶರೀರವನ್ನು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಾರ್ಗೋ ವಿಭಾಗದಲ್ಲಿ ಪಡೆದು ಆಂಬುಲೆನ್ಸ್‌ನಲ್ಲಿ ತರಬೇಕು. ನಿಮ್ಮ ಓಡಾಟ ಬೇಕಾಗಿರುವುದು ಅಲ್ಲಿ.

ಪ್ರಶ್ನೆ: ಹಿಂದೆ ಲಂಡನ್ನಿನಲ್ಲಿ ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ಮಗನಿಗೆ ಅಪಘಾತವಾಗಿದೆ. ಅಲ್ಲೂ ಅದು ಅಡ್ಡಿಯೇ? (ವಿನೋಬನಗರ, ಶಿವಮೊಗ್ಗ)

ಉತ್ತರ: ತಾನಾಗಿ ಅಡ್ಡಿಯಲ್ಲ. ಬ್ರಿಟನ್ 2020ರ ಕೊನೆಗೇ ಷೆಂಗೆನ್ ದೇಶಗಳ ಎಚ್ಚರಿಕೆ ಪಟ್ಟಿಯ ಜಾಲದಿಂದ ಹೊರಬಿದ್ದಿದೆ. ಹಾಗೆಂದು ಮುಚ್ಚಿಡಬೇಡಿ, ಪಾಸ್‌ಪೋರ್ಟಿನ ಮೊಹರನ್ನು ಯಾರು ಬೇಕಾದರೂ ಓದಬಲ್ಲರು. ಮನವಿ ಪತ್ರದಲ್ಲಿ ಎರಡು ಸಾಲು ಸಾಕು. ಷೆಂಗೆನ್ ವೀಸಾಕ್ಕೆ ಸಾಮಾನ್ಯವಾಗಿ 15 ದಿನ. ನಿಜವಾದ ತುರ್ತಿದ್ದರೆ ಕೂಡಲೇ ಸಮಯ ಕೊಡಲು ಅವರ ವೀಸಾ ನಿಯಮದಲ್ಲೇ ಅವಕಾಶವಿದೆ. ಆಸ್ಪತ್ರೆಯ ಪತ್ರ ಲಗತ್ತಿಸಿ ಜರ್ಮನ್ ಕಾನ್ಸುಲೇಟ್‌ಗೆ ನೇರವಾಗಿ ಇಮೇಲ್ ಮಾಡಿ. ಮುಂದೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹೊರಟರೆ ಮಾತ್ರ ನೆನಪಿರಲಿ, ಬ್ರಿಟನ್ ಸೇರಿ ಈ ಐದೂ ದೇಶಗಳು ಬೆರಳಚ್ಚಿನ ಮಾಹಿತಿಯನ್ನು ಹಂಚಿಕೊಳ್ಳುತ್ತವೆ.

ಪ್ರಶ್ನೆ: ನಾವು ಹಕ್ಕಿಪಿಕ್ಕಿ ಕ್ಯಾಂಪಿನವರು, ತಲೆಗೂದಲಿನ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗುತ್ತೇವೆ. ಹಳದಿ ಜ್ವರದ ಕಾರ್ಡ್ ಇಲ್ಲವೆಂದು ಘಾನಾದಿಂದ ನನ್ನನ್ನು ವಾಪಸ್ ಕಳಿಸಿದ್ದರು. ಈಗ ತಮ್ಮ ಅಲ್ಲಿ ಆಸ್ಪತ್ರೆಯಲ್ಲಿದ್ದಾನೆ, ನಾಳೆಯೇ ಹೊರಡಬೇಕು.

ಉತ್ತರ: ಈ ನಾಲ್ಕರಲ್ಲಿ ನಿಮ್ಮದೇ ಹಗುರ. ನಿಮ್ಮ ಮೇಲೆ ಅನುಮಾನ ಬಂದದ್ದಲ್ಲ, ಕಾರ್ಡ್ ಇರಲಿಲ್ಲ ಅಷ್ಟೇ. ಆದರೆ ನಾಳೆ ಆಗದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೇ ಆ ಹಳದಿ ಪುಸ್ತಕ ಊರ್ಜಿತವಾಗುವುದು. ದಿನಾಂಕ ತಿದ್ದಿಕೊಡುವವರಿದ್ದಾರೆ, ಅವರ ಸಹವಾಸ ಬೇಡ. ಬೆಂಗಳೂರಿನ ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಒಮ್ಮೆ ಹಾಕಿಸಿಕೊಂಡರೆ 2016ರಿಂದ ಅದು ಜೀವನಪೂರ್ತಿಗೆ ಸಾಕು. ಮರಳುವಾಗಲೂ ಬೇಕು, ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಮಾರಾಟಕ್ಕೆ ಹೋಗುವವರು ಪ್ರವಾಸಿ ವೀಸಾದಲ್ಲಿ ಎಣ್ಣೆ ಬಾಟಲಿ ತುಂಬಿದ ಪೆಟ್ಟಿಗೆ ಒಯ್ದರೆ ಮುಂದಿನ ನಿರಾಕರಣೆ ಅದಕ್ಕೇ ಬರುತ್ತದೆ. ಈ ಸಲ ಎಣ್ಣೆ ಬಿಟ್ಟು ಹೋಗಿ.

ಅಲ್ಲಿಯವರೆಗೆ ಅಕ್ರಾದ ಭಾರತೀಯ ಹೈಕಮಿಷನ್‌ಗೆ ತಮ್ಮನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಆಸ್ಪತ್ರೆಯ ವಿಳಾಸ ಕಳಿಸಿ. 'ಮದದ್' ಪೋರ್ಟಲ್‌ನಲ್ಲೂ ದೂರು ದಾಖಲಿಸಿ. 2023ರ ಏಪ್ರಿಲ್‌ನಲ್ಲಿ ಸೂಡಾನ್‌ನಲ್ಲಿ ಗುಂಡಿನ ಕಾಳಗ ಶುರುವಾದಾಗ ನಿಮ್ಮ ಸಮುದಾಯದವರೇ ಅಲ್ಲಿ ಸಿಕ್ಕಿಕೊಂಡಿದ್ದರು, ಆಪರೇಷನ್ ಕಾವೇರಿಯಲ್ಲಿ ಊರು ಸೇರಿದರು. ಯಾರು ಎಲ್ಲಿದ್ದಾರೆಂಬ ಪಟ್ಟಿ ರಾಯಭಾರ ಕಚೇರಿಯ ಕೈಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ತಮ್ಮನ ಜೊತೆ ಕ್ಯಾಂಪಿನವರು ಇನ್ನಾರಾದರೂ ಇದ್ದರೆ ಅವರ ಫೋನ್ ಸಂಖ್ಯೆಯನ್ನೂ ಅದರಲ್ಲೇ ಸೇರಿಸಿ.